ಕೆಳಗಿನ ಎರಡೂವರೆ ಅಡಿ ನಾಯಿಯದು: ಚೆಂದದ ಗೇಟ್ ಕಟ್ಟಿ ಗೆಲ್ಲಲು 15 ಸೂತ್ರಗಳು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಕಲಬುರಗಿ ಜಿಲ್ಲೆಯ ಈ ಐದೂ ಕಡೆ ನಾಯಿ ಸಾಕಿದವರ ಚಿಂತೆ ಒಂದೇ: ಅದು ಗೇಟ್ ದಾಟಿದರೆ ಏನು ಗತಿ? 1874ರಲ್ಲಿ ನಿಜಾಮರ ಕಾಲದಲ್ಲಿ ಶುರುವಾದ ವಾಡಿ–ಸಿಕಂದರಾಬಾದ್ ರೈಲು ಮಾರ್ಗ ಚಿತ್ತಾಪುರ, ಸೇಡಂ ಮೇಲೆಯೇ ಹಾದುಹೋಗುತ್ತದೆ. ಶಹಾಬಾದ್ ಮುಂಬೈ–ಚೆನ್ನೈ ಮೇನ್ ಲೈನಿನಲ್ಲಿದೆ. ಚಿಂಚೋಳಿಗೆ ರೈಲಿಲ್ಲ ನಿಜ. ಆದರೆ ಅಲ್ಲಿ 2011ರಲ್ಲಿ ಘೋಷಣೆಯಾದ ವನ್ಯಜೀವಿಧಾಮವಿದೆ, ಅದರಲ್ಲಿ ತೋಳ, ಕತ್ತೆಕಿರುಬ ಇವೆ. ಇದರ ಮೇಲೆ ಸಿಮೆಂಟ್ ಬಲ್ಕರ್‌ಗಳು, ಫರಸಿ ಹೇರಿಕೊಂಡ ಲಾರಿಗಳು, ಪ್ರತಿ ಓಣಿಗೊಂದು ಬೀದಿನಾಯಿಗಳ ಗುಂಪು.

ಹಾಗಂತ ಮನೆ ಮುಂದೆ ಜೈಲಿನ ಬಾಗಿಲು ನಿಲ್ಲಿಸಬೇಕಿಲ್ಲ. ಅಂಗಳದ ಗೇಟು ಚೆಂದವೂ ಆಗಬೇಕು, ಗಟ್ಟಿಯೂ ಆಗಬೇಕು. ಎರಡೂ ಒಟ್ಟಿಗೆ ಆಗುತ್ತದೆ. ನೀವು ಕಾಲೇಜಿನಲ್ಲಿರಲಿ, ಫ್ಯಾಕ್ಟರಿ ಶಿಫ್ಟಿನಲ್ಲಿರಲಿ, ಇದನ್ನು ನಿಮ್ಮ ಮೊದಲ ಪೂರ್ಣ ಪ್ರಾಜೆಕ್ಟ್ ಎಂದು ಕೈಗೆತ್ತಿಕೊಳ್ಳಿ. ಅಳತೆ, ಡ್ರಾಯಿಂಗ್, ಎಸ್ಟಿಮೇಟ್, ಚೌಕಾಸಿ, ಡೆಡ್‌ಲೈನ್, ಇನ್‌ಸ್ಪೆಕ್ಷನ್ ಎಲ್ಲ ಇದರಲ್ಲಿದೆ. ಶುರು ಮಾಡಿ.

1. "ನಮ್ಮ ನಾಯಿ ಹೊರಗ ಹೋಗಂಗಿಲ್ರಿ" ಅನ್ನುವುದನ್ನು ಬಿಡಿ

ಈ ಮಾತು ಆಡುವವರ ನಾಯಿಯೇ ಮೊದಲು ಹೊರಗೆ ಓಡುವುದು. ನಾಯಿ ಹೊರಗೆ ಹೋಗದೆ ಇರುವುದು ಅದಕ್ಕೆ ಕಾರಣ ಸಿಗುವವರೆಗೆ ಮಾತ್ರ. ಬೆದೆಗೆ ಬಂದ ಹೆಣ್ಣುನಾಯಿ, ಓಡುವ ಬೆಕ್ಕು, ಪಟಾಕಿ, ಇಷ್ಟರಲ್ಲಿ ಒಂದು ಸಾಕು. ಕ್ಯಾಲೆಂಡರ್ ತೆಗೆಯಿರಿ. ಗೇಟ್ ನಿಲ್ಲುವ ದಿನಕ್ಕೆ ಸುತ್ತು ಹಾಕಿ. ಮಳೆಗಾಲ ಹಿಡಿಯುವ ಮೊದಲು ಬುನಾದಿ ಮುಗಿಯುವಂತೆ ದಿನ ಆರಿಸಿ. ತಾರೀಖಿಲ್ಲದ ಕೆಲಸ "ಮುಂದಿನ ತಿಂಗಳು" ಅನ್ನುತ್ತಲೇ ವರ್ಷ ದಾಟುತ್ತದೆ.

2. ಗೇಟನ್ನು ಎರಡು ಭಾಗ ಮಾಡಿ

ಎಲ್ಲಕ್ಕಿಂತ ಮುಖ್ಯ ಸೂತ್ರ ಇದು. ಬೇರೆ ಎಲ್ಲ ಮರೆತರೂ ಇದನ್ನು ಮರೆಯಬೇಡಿ. ಕೆಳಗಿನ ಎರಡೂವರೆ ಅಡಿ ನಾಯಿಯದು. ಅದರ ಮೇಲಿನದು ನಿಮ್ಮದು.

ಎರಡೂವರೆ ಅಡಿ ಏಕೆ? ನಮ್ಮ ರಾಜ್ಯದ ಹೆಮ್ಮೆಯ ಮುಧೋಳ ನಾಯಿಯನ್ನೇ ತಗೊಳ್ಳಿ. ಗಂಡು ನಾಯಿಯ ಭುಜದ ಎತ್ತರ ಸುಮಾರು 68ರಿಂದ 72 ಸೆಂಟಿಮೀಟರ್. ಎರಡೂವರೆ ಅಡಿ ಎಂದರೆ 76 ಸೆಂ.ಮೀ. ನಿಂತ ನಾಯಿ ಮೂತಿ ತೂರಿಸುವುದು, ಪಂಜ ಹಾಕುವುದು, ಕಚ್ಚುವುದು, ಕೆರೆಯುವುದು ಬಹುಪಾಲು ಈ ಎತ್ತರದೊಳಗೇ. ಹಾಗಾಗಿ ಇಲ್ಲಿ ಬಳ್ಳಿ ಬೇಡ, ಸುರುಳಿ ಬೇಡ, ಹೂವಿನ ಎರಕ ಬೇಡ. ನೆಟ್ಟಗೆ ನಿಂತ ಸಲಾಕೆ ಅಥವಾ ಸಾದಾ ಶೀಟ್, ಅಷ್ಟೇ. ಸುರುಳಿಯ ಬಾಯಿ ಕೆಳಗೆ ಕಿರಿದಾಗುತ್ತಾ ಹೋಗುತ್ತದೆ. ನಾಯಿಯ ಕುತ್ತಿಗೆ ಅಗಲವಾದ ಕಡೆ ತೂರಿ ಕಿರಿದಾದ ಕಡೆ ಸಿಕ್ಕಿಕೊಳ್ಳುತ್ತದೆ. ಕಾಲರ್ ಪಟ್ಟಿ ಎರಕದ ಎಲೆಗೆ ಸಿಕ್ಕಿದರೆ ಇನ್ನೂ ಕಷ್ಟ, ನಾಯಿ ಗಾಬರಿಯಾಗಿ ಎಳೆದಷ್ಟೂ ಬಿಗಿಯುತ್ತದೆ.

ಮೇಲಿನ ಭಾಗದಲ್ಲಿ ನಿಮ್ಮ ಇಷ್ಟದ ಆಟ ಆಡಿ. ಯಾರೂ ಕೇಳುವುದಿಲ್ಲ.

3. ನಾಯಿಯ ತಲೆ ಅಳೆಯಿರಿ

ಜನ ಗೇಟಿನ ಅಗಲ ಅಳೆದುಕೊಂಡು ಸೀದಾ ಅಂಗಡಿಗೆ ಓಡುತ್ತಾರೆ. ನೀವು ಮೊದಲು ನಾಯಿ ಅಳೆಯಿರಿ. ಎರಡು ಕಿವಿಗಳ ನಡುವೆ ತಲೆಬುರುಡೆಯ ಅಗಲ ಎಷ್ಟು? ಒಂದು ರಟ್ಟಿನಲ್ಲಿ ಸೀಳು ಕತ್ತರಿಸಿ ಮೂತಿಯ ಮುಂದೆ ಹಿಡಿಯಿರಿ. ಮೂತಿ ಬಂದು ತಲೆ ನಿಂತರೆ ಆ ಸೀಳಿಗಿಂತ ಇನ್ನೂ ಕಡಿಮೆ ಅಂತರ ಬೇಕು. ದೊಡ್ಡ ನಾಯಿಗೆ ಸಲಾಕೆಗಳ ನಡುವೆ 2 ಇಂಚು ಸಾಕಾಗಬಹುದು. ಪೊಮೇರಿಯನ್‌ನಂಥ ಸಣ್ಣ ನಾಯಿಗೆ, ಯಾವ ತಳಿಯದೇ ಆಗಲಿ ಮರಿಗೆ, ಒಂದೂವರೆ ಇಂಚು ಮೀರಬೇಡಿ. ಮನೆಯಲ್ಲಿ ಮುಂದೆ ಮರಿ ಬರಬಹುದು ಅನ್ನಿಸಿದರೆ ಈಗಲೇ ಮರಿಯ ಲೆಕ್ಕ ಹಿಡಿಯಿರಿ. ಸಲಾಕೆ ನಿಂತ ಮೇಲೆ ಅಂತರ ಕಡಿಮೆ ಮಾಡುವುದು ಹೊಸ ಗೇಟ್ ಮಾಡಿಸಿದಷ್ಟೇ ಖರ್ಚು.

ಎತ್ತರ? ಸಾಧಾರಣ ನಾಯಿಗೆ 4 ಅಡಿ, ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗೆ 5 ಅಡಿ, ಮುಧೋಳಕ್ಕೆ 6 ಅಡಿ. ಅದು ಬೇಟೆಗೆಂದೇ ಬೆಳೆಸಿದ ತಳಿ, ಜಿಗಿತ ಅದಕ್ಕೆ ಹುಟ್ಟುಗುಣ. ಅಡ್ಡಪಟ್ಟಿಗಳನ್ನು ಏಣಿಯ ಮೆಟ್ಟಿಲಿನಂತೆ ಒಂದರ ಮೇಲೊಂದು ಕೊಡಿಸಬೇಡಿ. ನೀವು ಅಲಂಕಾರ ಅಂದುಕೊಂಡದ್ದನ್ನು ಅದು ಹತ್ತುತ್ತದೆ.

4. ಭರ್ಜಿ ತುದಿಗೆ ಇಲ್ಲ ಅನ್ನಿ

ಗೇಟಿನ ತಲೆಯ ಮೇಲೆ ಸಾಲಾಗಿ ಭರ್ಜಿ ಕೊಡುವುದು ಎಲ್ಲ ಅಂಗಡಿಯವರಿಗೂ ಚಾಳಿ. ಕಳ್ಳ ಬರಲ್ಲ ಅನ್ನುತ್ತಾರೆ. ಕಳ್ಳನಿಗೆ ಕಣ್ಣಿದೆ, ಅವನು ಕಾಂಪೌಂಡ್ ಹತ್ತುತ್ತಾನೆ. ಜಿಗಿಯುವ ನಾಯಿ ಭರ್ಜಿಯ ಮೇಲೆ ಬೀಳುತ್ತದೆ. ತುದಿ ಉರುಟಾಗಿರಲಿ, ಇಲ್ಲವೇ ಮೇಲೊಂದು ಪೈಪ್ ಅಡ್ಡ ಕೂರಿಸಿ ಮುಚ್ಚಿಸಿ.

5. ತೊಗರಿ ಕಟ್ಟಿಗೆಯಲ್ಲಿ ಟ್ರಯಲ್ ಮಾಡಿ

ಕಂಪನಿಗಳು ಪ್ರೋಟೋಟೈಪ್ ಮಾಡುತ್ತವೆ. ನೀವೂ ಮಾಡಿ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಬೇಳೆಯ ಹೆಸರು ದೇಶಕ್ಕೆ ಗೊತ್ತಾಯಿತು, ರಾಶಿಯಾದ ಮೇಲೆ ಉಳಿಯುವ ಕಟ್ಟಿಗೆಯ ಬೆಲೆ ಮಾತ್ರ ನಮಗೇ ಗೊತ್ತು. ಒಂದು ಹೊರೆ ತಂದು, ಬೈಂಡಿಂಗ್ ವೈರಿನಲ್ಲಿ ಕಟ್ಟಿ, ಗೇಟಿನದೇ ಅಳತೆಯ ತಡಿಕೆ ಮಾಡಿ. ಅಂತರ, ಎತ್ತರ ಎಲ್ಲ ಡ್ರಾಯಿಂಗಿನಂತೆಯೇ ಇರಲಿ. ಒಂದು ವಾರ ನಿಲ್ಲಿಸಿ ಸುಮ್ಮನೆ ನೋಡಿ. ನಾಯಿ ಎಲ್ಲಿ ಕೆರೆಯುತ್ತದೆ? ಯಾವ ಮೂಲೆಗೆ ಮೂತಿ ಒಡ್ಡುತ್ತದೆ? ಯಾವ ಹೊತ್ತಿನಲ್ಲಿ ಜಾಸ್ತಿ ಒದ್ದಾಡುತ್ತದೆ? ಅದನ್ನೆಲ್ಲ ಡ್ರಾಯಿಂಗಿನ ಮೇಲೆ ಗುರುತು ಹಾಕಿ. ಕಟ್ಟಿಗೆ ಮುರಿದರೆ ನಷ್ಟವಿಲ್ಲ, ಮುರಿದ ಜಾಗವೇ ನಿಮಗೆ ಬೇಕಾದ ಮಾಹಿತಿ.

6. ಮಣ್ಣು ಓದಿ, ಆಮೇಲೆ ಕಂಬ ಎಬ್ಬಿಸಿ

ಹೊಸ ಗೇಟು ಎರಡನೇ ಬೇಸಿಗೆಗೆ ಕಚ್ಚಿಕೊಳ್ಳುತ್ತದೆ, ಚಿಲಕ ಕೂರುವುದಿಲ್ಲ. ಎಲ್ಲರೂ ಒಂದೇ ಮಾತು ಹೇಳುತ್ತಾರೆ: "ಬಿಸಿಲಿಗೆ ಕಬ್ಬಿಣ ಉಬ್ಯಾದ್ರಿ." ಲೆಕ್ಕ ಹಾಕಿ. ಉಕ್ಕು ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 12 ಪಾಲಿನಷ್ಟು ಹಿಗ್ಗುತ್ತದೆ. ಒಂದು ಮೀಟರ್ ಅಗಲದ ಗೇಟು ಚಳಿಗಾಲದ 15 ಡಿಗ್ರಿಯಿಂದ ಸುಡುಬಿಸಿಲಿನಲ್ಲಿ 60 ಡಿಗ್ರಿಗೆ ಕಾದರೂ ಹಿಗ್ಗುವುದು ಬರೀ ಅರ್ಧ ಮಿಲಿಮೀಟರ್. ಅರ್ಧ ಮಿಲಿಮೀಟರಿಗೆ ಯಾವ ಗೇಟೂ ಕಚ್ಚಿಕೊಳ್ಳುವುದಿಲ್ಲ. ಸರಿದದ್ದು ಕಂಬ.

ಕಂಬ ಯಾಕೆ ಸರಿಯುತ್ತದೆ? ಎರಿ ಮಣ್ಣು. ಮಳೆಗೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರಲ್ಲಿ ಒಂದೂವರೆ ಅಡಿ ತೋಡಿ ನಿಲ್ಲಿಸಿದ ಕಂಬ ವರ್ಷಕ್ಕೊಮ್ಮೆ ಮೇಲೆ ಕೆಳಗೆ ಆಡುತ್ತದೆ. ಎರಡು ಕಂಬ ಎರಡು ರೀತಿ ಆಡಿದರೆ ನಡುವಿನ ಗೇಟಿಗೆ ಜಾಗವೇ ಇಲ್ಲ, ಅಥವಾ ನಾಯಿ ನುಸುಳುವಷ್ಟು ಜಾಗ.

ಹೀಗೆ ಮಾಡಿ. ಎರಿ ಮಣ್ಣಿದ್ದರೆ ಗರಸು ಸಿಗುವವರೆಗೆ ತೋಡಿಸಿ. ತೆಗೆದ ಕರಿ ಮಣ್ಣನ್ನು ವಾಪಸ್ ಗುಂಡಿಗೆ ತುಂಬಬೇಡಿ. ಗರಸು ತುಂಬಿ ದಿಮ್ಮಸು ಹಾಕಿಸಿ. ಎರಡೂ ಕಂಬಗಳ ಬುಡವನ್ನು ಗೇಟಿನ ಕೆಳಗೆ ಒಂದು ಕಾಂಕ್ರೀಟ್ ಬೀಮಿನಿಂದ ಜೋಡಿಸಿ. ಆಗ ಸರಿದರೂ ಎರಡೂ ಒಟ್ಟಿಗೆ ಸರಿಯುತ್ತವೆ, ಚಿಲಕ ತಪ್ಪುವುದಿಲ್ಲ. ವಾಡಿ, ಶಹಾಬಾದ್ ಕಡೆ ಹಲವು ಓಣಿಗಳಲ್ಲಿ ಸ್ವಲ್ಪ ತೋಡಿದರೆ ಹಾಸುಬಂಡೆಯೇ ಸಿಗುತ್ತದೆ. ನಿಮ್ಮ ಅದೃಷ್ಟ. ಬಂಡೆಗೆ ಡ್ರಿಲ್ ಹೊಡೆದು ಸರಳು ನಾಟಿಸಿ, ಮೇಲೆ ಕಂಬ ಎಬ್ಬಿಸಿ.

ಗೌಂಡಿ "ಇಷ್ಟ್ಯಾಕ್ರಿ, ಬರೇ ಗೇಟ್ ಅದಲ್ಲ" ಅನ್ನುತ್ತಾನೆ. ನಗುತ್ತಾ ಕೇಳಿಸಿಕೊಳ್ಳಿ. ತೋಡಿಸಿ.

7. ಹೊಸ್ತಿಲಿಗೆ ಫರಸಿ ಹಾಸಿ

ನಾಯಿ ಗೇಟ್ ಹಾರುವುದಷ್ಟೇ ಅಲ್ಲ, ಗೇಟಿನ ಕೆಳಗೆ ತೋಡುವುದೂ ಉಂಟು. ಇದಕ್ಕೆ ಊರೂರಲ್ಲಿ ಜನ ಜಾಲರಿ ಹೂಳುತ್ತಾರೆ, ಇಟ್ಟಿಗೆ ಜೋಡಿಸುತ್ತಾರೆ. ನಮಗೆ ಆ ತ್ರಾಸೇ ಇಲ್ಲ. ದೇಶದ ಮೂಲೆಮೂಲೆಯ ರೈಲ್ವೆ ಪ್ಲಾಟ್‌ಫಾರ್ಮ್, ಶಾಲೆ, ಅಡುಗೆಮನೆಗೆ ಹೋದ ಶಹಾಬಾದಿ ಕಲ್ಲು, ಅಂದರೆ ನಮ್ಮ ಫರಸಿ, ನಮ್ಮ ಕಾಲ ಕೆಳಗೇ ಇದೆ. ಭೀಮಾ ಕೊಳ್ಳದ ಈ ಸುಣ್ಣದಕಲ್ಲು ಪದರ ಪದರವಾಗಿ ಕೂತಿದೆ. ಉಳಿ ಕೊಟ್ಟು ಎಬ್ಬಿಸಿದರೆ ತಾನಾಗಿ ಹಲಗೆಯಂತೆ ಏಳುತ್ತದೆ. ಹಾಗಾಗಿಯೇ ನಮ್ಮಲ್ಲಿ ಹೊಲದ ಬದುವಿಗೂ, ಕಾಂಪೌಂಡಿಗೂ ಫರಸಿಯನ್ನೇ ನೆಟ್ಟು ನಿಲ್ಲಿಸುವುದು.

ಎರಡು ಇಂಚು ದಪ್ಪದ ಕಲ್ಲು ಆರಿಸಿ. ಒಂದು ಇಂಚಿನದು ಬೈಕ್ ಹತ್ತಿಸಿದ ದಿನವೇ ಒಡೆಯುತ್ತದೆ. ಕಂಬದಿಂದ ಕಂಬಕ್ಕೆ ಬೀಮಿನ ಮೇಲೆ ಕೂರಿಸಿ, ಒಳಗಡೆಗೆ ಎರಡು ಅಡಿ ಚಾಚಿರಲಿ. ನಾಯಿ ತೋಡುವುದು ಗೇಟಿನ ಬುಡದಲ್ಲೇ ಹೊರತು ಎರಡು ಅಡಿ ಹಿಂದೆ ನಿಂತು ಸುರಂಗ ಹೊಡೆಯುವ ಯೋಜನೆ ಅದರ ತಲೆಗೆ ಬರುವುದು ಅಪರೂಪ. ಪಾಲಿಶ್ ಮಾಡಿದ ಕಲ್ಲು ಬೇಡ, ಮಳೆಯಲ್ಲಿ ನಾಯಿಯೂ ಜಾರುತ್ತದೆ, ಅಜ್ಜಿಯೂ ಜಾರುತ್ತಾರೆ. ಒರಟು ಮೈ ಮೇಲಕ್ಕಿರಲಿ. ನೀರು ಹೋಗಲು ರಸ್ತೆ ಕಡೆಗೆ ಅಡಿಗೆ ಕಾಲು ಇಂಚಿನಷ್ಟು ಇಳಿಜಾರು ಕೊಡಿ. ಗೇಟು ಒಳಗೆ ತೆರೆಯುವುದರಿಂದ ಈ ಇಳಿಜಾರನ್ನು ಲೆಕ್ಕಕ್ಕೆ ಹಿಡಿದೇ ಗೇಟಿನ ಅಡಿ ಅಂತರ ನಿಗದಿ ಮಾಡಿ. ಒಂದೂವರೆ ಇಂಚು ಇಟ್ಟರೆ ಗೇಟು ತಾಗುವುದಿಲ್ಲ, ಮರಿಯೂ ನುಸುಳುವುದಿಲ್ಲ.

ಇನ್ನೊಂದು ವಿಷಯ. ನಮ್ಮ ಏಪ್ರಿಲ್–ಮೇ ಬಿಸಿಲಿನಲ್ಲಿ ಉಷ್ಣಾಂಶ 42 ಡಿಗ್ರಿ ದಾಟುತ್ತದೆ, ಆಗ ಫರಸಿ ಕಾದ ಹಂಚು. ನಾಯಿ ನಿಮ್ಮ ಬೈಕಿನ ಸದ್ದಿಗೆ ಓಡಿಬಂದು ಅದರ ಮೇಲೆಯೇ ನಿಲ್ಲುತ್ತದೆ. ನಿಮ್ಮ ಅಂಗೈ ಹಿಂಭಾಗವನ್ನು ಕಲ್ಲಿನ ಮೇಲೆ ಐದಾರು ಸೆಕೆಂಡ್ ಇಡಿ. ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಆಗುವುದಿಲ್ಲ. ಗೇಟಿನ ಪಕ್ಕ ಒಂದು ಬೇವು ಅಥವಾ ಹೊಂಗೆ ನೆಡಿ, ಅದು ಬೆಳೆಯುವವರೆಗೆ ಹಸಿರು ಶೇಡ್ ನೆಟ್ ಕಟ್ಟಿ.

8. ತೂಕ ನೀವೇ ಲೆಕ್ಕ ಹಾಕಿ

ಚದರಡಿ ರೇಟಿಗೆ ಒಪ್ಪಿಕೊಂಡರೆ ಮಾಡುವವರಿಗೆ ಸಲಾಕೆ ಕಡಿಮೆ ಮಾಡುವ ಆಸೆ ಹುಟ್ಟುತ್ತದೆ, ಅಂತರ ಅಗಲವಾಗುತ್ತದೆ. ಕೆಜಿ ರೇಟಿಗೆ ಒಪ್ಪಿದರೆ ದಪ್ಪ ಮಾಲು ಹಾಕಿ ತೂಕ ಏರಿಸುವ ಆಸೆ. ನಾಯಿಗೆ ಅಪಾಯ ಮೊದಲನೆಯದರಲ್ಲಿ, ನಿಮ್ಮ ಜೇಬಿಗೆ ಅಪಾಯ ಎರಡನೆಯದರಲ್ಲಿ. ಕೆಜಿ ರೇಟಿಗೇ ಮಾತಾಡಿ, ಆದರೆ ತೂಕ ಮುಂಚೆಯೇ ತಿಳಿದುಕೊಂಡು ಹೋಗಿ.

ಸೂತ್ರ ಸುಲಭ. ಚೌಕ ಸಲಾಕೆಯ ಬದಿಯನ್ನು ಎಂಎಂನಲ್ಲಿ ಬರೆದು ಅದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 0.00785ರಿಂದ ಗುಣಿಸಿ. ಒಂದು ಮೀಟರಿನ ತೂಕ ಕೆಜಿಯಲ್ಲಿ ಬರುತ್ತದೆ. 10 ಎಂಎಂ ಸಲಾಕೆ ಮೀಟರಿಗೆ 0.785 ಕೆಜಿ. ಫ್ರೇಮ್ ಸೇರಿ ಮೂರೂವರೆ ಅಡಿ ಅಗಲದ ಗೇಟಿನ ಕೆಳಭಾಗಕ್ಕೆ 2 ಇಂಚಿನೊಳಗಿನ ಅಂತರದಲ್ಲಿ 16 ಸಲಾಕೆ ಬೇಕು. ಒಂದೊಂದು 75 ಸೆಂ.ಮೀ. ಅಂದರೆ ಒಟ್ಟು 12 ಮೀಟರ್, ಸುಮಾರು ಒಂಬತ್ತೂವರೆ ಕೆಜಿ. ಉರುಟು ಸರಳಿಗೆ ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿ. ಶೀಟಿಗೆ ದಪ್ಪದ ಎಂಎಂ ಅನ್ನು 7.85ರಿಂದ ಗುಣಿಸಿದರೆ ಚದರ ಮೀಟರಿನ ತೂಕ.

ಈ ಮೂರು ಲೆಕ್ಕ ಒಂದು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ. ಚೌಕಾಸಿಯ ಧ್ವನಿಯೇ ಬದಲಾಗುತ್ತದೆ.

9. ಡ್ರಾಯಿಂಗ್ ಕೊಡಿ, ಬಾಯಿಮಾತು ಬೇಡ

ವೆಲ್ಡಿಂಗ್ ಅಂಗಡಿಯಲ್ಲಿ "ಆಯ್ತಳ್ರಿ, ಮಾಡ್ತೀವಿ" ಅಂದರೆ ಆಯಿತು ಎಂದರ್ಥವಲ್ಲ. ಎ4 ಹಾಳೆಯಲ್ಲಿ ಗೇಟ್ ಬರೆಯಿರಿ. ಎತ್ತರ, ಅಗಲ, ಸಲಾಕೆಗಳ ಅಂತರ, ಕೆಳ ಅಂತರ, ಚಿಲಕದ ಎತ್ತರ, ಯಾವ ಕಡೆ ತೆರೆಯಬೇಕು, ಎಲ್ಲ ಬರೆಯಿರಿ. ಸಲಾಕೆಯ ಅಂತರಕ್ಕೆ ಕೆಂಪು ಗೆರೆ ಎಳೆಯಿರಿ. ಎರಡು ಪ್ರತಿ ಮಾಡಿ, ಒಂದಕ್ಕೆ ಅಂಗಡಿಯವರ ಸಹಿ. ಹಣ ಮೂರು ಕಂತು: ಮಾಲು ತರಲು, ಫ್ರೇಮ್ ನಿಂತಾಗ, ಫಿಟಿಂಗ್ ಆದಾಗ. ಬಣ್ಣ ಹಚ್ಚುವ ಮೊದಲು ಹೋಗಿ ಟೇಪ್ ಹಿಡಿಯಿರಿ. ಬಣ್ಣ ಬಿದ್ದ ಮೇಲೆ ಕಣ್ಣು ಸುಳ್ಳು ಹೇಳುತ್ತದೆ.

ಐಟಿಐ ವೆಲ್ಡರ್ ಟ್ರೇಡ್ ಓದುತ್ತಿದ್ದೀರಾ? ನೀವೇ ಮಾಡಿ. ಆದರೆ ವೆಲ್ಡಿಂಗ್ ಮಾಡುವಾಗ ನಾಯಿಯನ್ನು ಮನೆಯೊಳಗೆ ಹಾಕಿ. ಆರ್ಕ್ ಬೆಳಕು ನಿಮ್ಮ ಕಣ್ಣಿಗೆ ಮಾಡುವ ಹಾನಿಯನ್ನೇ ಅದರ ಕಣ್ಣಿಗೂ ಮಾಡುತ್ತದೆ, ಅದಕ್ಕೆ ಹೆಲ್ಮೆಟ್ ಇಲ್ಲ.

10. ಬಿಜಾಗರಿ ಮೂರು, ಚಿಲಕಕ್ಕೆ ಎರಡು ಹೆಜ್ಜೆ

ಗಟ್ಟಿ ಗೇಟಿಗೆ ಎರಡು ಬಿಜಾಗರಿ ಸಾಲದು, ಮೂರು ಕೊಡಿಸಿ. ಪಿನ್ ಮೇಲೆ ಕೂರುವ ಬಿಜಾಗರಿಯಾದರೆ ಗೇಟನ್ನು ಎತ್ತಿ ತೆಗೆಯಬಹುದು, ಮೇಲೆ ಒಂದು ತುಣುಕು ವೆಲ್ಡ್ ಮಾಡಿಸಿ ತಡೆಯಿರಿ. ಮೇಲಿನ ಬಿಜಾಗರಿಯನ್ನು ಕೆಳಗಿನದಕ್ಕಿಂತ ಕೂದಲೆಳೆಯಷ್ಟು ಓರೆ ಕೂರಿಸಿದರೆ ಗೇಟು ತನ್ನ ಭಾರಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ. ಹಳೆಯ ಮಿಸ್ತ್ರಿಗಳಿಗೆ ಈ ಕೈಚಳಕ ಗೊತ್ತಿರುತ್ತದೆ, ಕೇಳಿ. ಗೊತ್ತಿಲ್ಲದವರಿದ್ದರೆ ಸ್ಪ್ರಿಂಗ್ ಹಾಕಿಸಿ.

ಚಿಲಕ ನಾಲ್ಕೂವರೆ ಅಡಿ ಮೇಲಿರಲಿ, ಗೇಟು ಅದಕ್ಕಿಂತ ಗಿಡ್ಡವಾದರೆ ಅದರ ತುದಿಯ ಹತ್ತಿರವಿರಲಿ. ಒಂದೇ ಏಟಿಗೆ ಎತ್ತಿದರೆ ತೆರೆಯುವ ಚಿಲಕ ಬೇಡ, ಜಾಣ ನಾಯಿ ಅದನ್ನು ಮೂತಿಯಲ್ಲೇ ಎತ್ತುವುದನ್ನು ಕಲಿಯುತ್ತದೆ. ಎತ್ತಿ ಎಳೆಯಬೇಕಾದ ಆಲ್ಡ್ರಾಪ್ ಕೊಡಿಸಿ. ಸಿಮೆಂಟ್ ದೂಳಿನ ಊರಲ್ಲಿ ಗ್ರೀಸ್ ಹಚ್ಚಿ ಮರೆತರೆ ದೂಳು ಗ್ರೀಸ್ ಸೇರಿ ಬಿಜಾಗರಿಯನ್ನೇ ಅರೆಯುತ್ತವೆ. ಒರೆಸಿ, ಎಣ್ಣೆ ಬಿಡಿ, ಮತ್ತೆ ಒರೆಸಿ.

ಗೇಟಿನ ಮೇಲೆ "ನಾಯಿ ಇದೆ ಎಚ್ಚರಿಕೆ" ಬೋರ್ಡ್ ಬೇಡ. "ನಾಯಿ ಇದೆ, ಗೇಟ್ ಹಾಕಿ ಹೋಗಿ" ಎಂದು ಬರೆಸಿ. ಹಾಲಿನವರು, ಪೇಪರ್ ಹುಡುಗ, ಸಿಲಿಂಡರ್ ತರುವವರು ಇವರಲ್ಲೊಬ್ಬರು ತೆರೆದು ಬಿಟ್ಟ ಗೇಟಿನಿಂದಲೇ ನಾಯಿ ಹೋಗುವುದು.

11. ಅಲಂಕಾರಕ್ಕೆ ಮಳಖೇಡದ ಕಡೆ ನೋಡಿ

ಫೋನಿನಲ್ಲಿ ಗೇಟ್ ಡಿಸೈನ್ ಹುಡುಕಿದರೆ ನವಿಲು, ಹಂಸ, ಮತ್ತೆ ನವಿಲು. ಎಲ್ಲ ಊರಿಗೂ ಅದೇ. ನಿಮ್ಮದು ಬೇರೆ ಇರಲಿ.

ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ದಂಡೆಯ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಇಲ್ಲಿಂದ ಆಳಿದ ಮೂರನೇ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ. ಆ ಯುದ್ಧದಲ್ಲಿ ಅವನ ಪರ ಹೋರಾಡಿದ ಗಂಗ ದೊರೆ ಬೂತುಗ, ತನ್ನ ವೀರ ಮಣಲೆರನಿಗೆ ಏನು ಬೇಕು ಕೇಳು ಅಂದ. ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. 'ಕಾಳಿ' ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಮುಂದೆ ಕಾಳಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದು, ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದರ ನೆನಪಿಗೆ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಕ್ರಿ.ಶ. 949–50ರ ಆ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಎದುರುಬದುರಾಗಿ ಕಾದಾಡುತ್ತಿವೆ.

ಆ ಚಿತ್ರದ ರೇಖೆಯನ್ನು ನಿಮ್ಮ ಗೇಟಿನ ಮೇಲ್ಭಾಗಕ್ಕೆ ತನ್ನಿ. ಸಿಎನ್‌ಸಿ ಪ್ಲಾಸ್ಮಾದಲ್ಲಿ ಶೀಟ್ ಕತ್ತರಿಸುವವರಿಗೆ ಸ್ಪಷ್ಟ ಕಪ್ಪು–ಬಿಳಿ ಡ್ರಾಯಿಂಗ್ ಕೊಟ್ಟರೆ ಸಾಕು. ಯುದ್ಧ ಬೇಡವೆನಿಸಿದರೆ ಚಿತ್ತಾಪುರ ತಾಲ್ಲೂಕಿನ ಕನಗನಹಳ್ಳಿ ಸ್ತೂಪದ ಶಿಲ್ಪಗಳಿವೆ. ಅಥವಾ ಕಲಬುರಗಿ ಕೋಟೆಯೊಳಗಿನ 1367ರ ಜಾಮಿ ಮಸೀದಿಯ ಕಮಾನುಗಳು. ಕಮಾನು ಗೇಟಿಗೆ ಹೇಳಿ ಮಾಡಿಸಿದ ಆಕಾರ. ಒಂದನ್ನು ಆರಿಸಿ. ಮೂರನ್ನೂ ಒಂದೇ ಗೇಟಿಗೆ ತುರುಕಬೇಡಿ. ಯಾವುದೇ ಆಗಲಿ, ಎರಡೂವರೆ ಅಡಿ ಗೆರೆಯ ಮೇಲೆಯೇ ಇರಲಿ. ಕತ್ತರಿಸಿದ ಶೀಟಿನ ಅಂಚು ಕತ್ತಿಯಂತಿರುತ್ತದೆ.

12. ಹತ್ತಿ ಉಜ್ಜಿ ನೋಡಿ

ಬಣ್ಣಕ್ಕೆ ಮೊದಲು ಒಂದು ಹಿಡಿ ಹತ್ತಿ ತಗೊಂಡು ಕೆಳಗಿನ ಭಾಗದ ಪ್ರತಿ ಸಲಾಕೆ, ಪ್ರತಿ ಜೋಡಣೆಯ ಮೇಲೆ ಎಳೆಯಿರಿ. ಎಳೆ ಸಿಕ್ಕಿದ ಕಡೆ ಮುಳ್ಳಿದೆ ಎಂದು ಲೆಕ್ಕ. ಚಾಕ್‌ಪೀಸಿನಲ್ಲಿ ಗುರುತು ಹಾಕಿ, ಗ್ರೈಂಡರ್ ಹಿಡಿಸಿ, ಮತ್ತೆ ಹತ್ತಿ ಎಳೆಯಿರಿ. ಐದು ನಿಮಿಷದ ಕೆಲಸ. ಈ ಟೆಸ್ಟ್ ಮಾಡುವ ಗಿರಾಕಿಗೆ ಅಂಗಡಿಯವರು ಮುಂದಿನ ಸಲ ತಾವೇ ಗ್ರೈಂಡ್ ಮಾಡಿ ಇಟ್ಟಿರುತ್ತಾರೆ.

13. ಬಣ್ಣದ ಡಬ್ಬಿ ಓದಿ

ನಾಯಿ ಗೇಟ್ ನೆಕ್ಕುತ್ತದೆ, ಮರಿ ಕಚ್ಚುತ್ತದೆ. ಮನೆಬಳಕೆ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರುವಂತಿಲ್ಲ ಎಂಬ ಕೇಂದ್ರದ ನಿಯಮ 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಡಬ್ಬಿಯ ಮೇಲೆ ಬರೆದಿರುತ್ತದೆ, ಓದಿ ತಗೊಳ್ಳಿ. ಅಟ್ಟದ ಮೇಲಿನ ಹಳೆಯ ಡಬ್ಬಿ ಬೇಡ. ಮೊದಲು ರೆಡ್ ಆಕ್ಸೈಡ್ ಪ್ರೈಮರ್, ಮೇಲೆ ಎರಡು ಕೋಟ್ ಎನಾಮಲ್, ವಾಸನೆ ಪೂರ್ತಿ ಹೋಗುವವರೆಗೆ ನಾಯಿ ದೂರ. ಕಡುಗಪ್ಪು ಬೇಡ, ಬಿಸಿಲಿಗೆ ಕಾಯುತ್ತದೆ, ಸಿಮೆಂಟ್ ದೂಳು ಬಿದ್ದರೆ ಎದ್ದು ಕಾಣುತ್ತದೆ. ಕಲ್ಲಿನ ಬೂದಿ ಬಣ್ಣ ನಮ್ಮ ಊರಿಗೆ ಸರಿ.

ಗೇಟಿನ ಪಕ್ಕ ಕಣಗಿಲೆ ಇದೆಯೇ? ಕಿತ್ತು ಹಾಕಿ. ಎಲೆ, ಹೂ, ಕಾಂಡ ಎಲ್ಲ ನಾಯಿಯ ಹೃದಯಕ್ಕೆ ವಿಷ. ಮಲ್ಲಿಗೆ ಬಳ್ಳಿ ಹಬ್ಬಿಸಿ.

14. ಸದ್ದಿನ ದಿನಕ್ಕೆ ಎರಡನೇ ಗೇಟ್ ಇಡಿ

ಗಣಿಯ ಬ್ಲಾಸ್ಟಿಂಗ್, ದೀಪಾವಳಿ ಪಟಾಕಿ, ಮದುವೆಯ ಡಿಜೆ. ಹೆದರಿದ ನಾಯಿ ದಿಕ್ಕು ನೋಡದೆ ಓಡುತ್ತದೆ, ದಿನವೂ ಹಾರದ ಗೇಟನ್ನು ಆ ಹೊತ್ತಿಗೆ ಹಾರುತ್ತದೆ. ಗೇಟಿನಿಂದ ಐದಾರು ಅಡಿ ಒಳಗೆ, ವರಾಂಡದ ಬಾಯಿಗೆ, ಎರಡನೇ ಗೇಟ್ ಇಡಿ. ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯುವುದು ಮನೆಯವರಿಗೆಲ್ಲ ಅಭ್ಯಾಸವಾಗಲಿ. ನೆಂಟರಿಗೆ ಬಾಯಿಬಿಟ್ಟು ಹೇಳಿ, ಸಂಕೋಚ ಬೇಡ.

ರೈಲ್ವೆ ಅಥವಾ ಫ್ಯಾಕ್ಟರಿ ಕ್ವಾರ್ಟರ್ಸ್‌ನಲ್ಲಿದ್ದರೆ ಲಿಖಿತ ಅನುಮತಿ ಇಲ್ಲದೆ ಗೋಡೆಗೆ ಡ್ರಿಲ್ ಹೊಡೆಯಬೇಡಿ. ತನ್ನ ಕಾಲ ಮೇಲೆ ನಿಲ್ಲುವ ಫ್ರೇಮ್ ಮಾಡಿಸಿ. ಟ್ರಾನ್ಸ್‌ಫರ್ ಆದಾಗ ಗೇಟೂ ನಿಮ್ಮ ಜೊತೆ ಲಾರಿ ಹತ್ತುತ್ತದೆ.

15. ಸರಪಳಿ ಬಿಚ್ಚಿ

ಗೇಟ್ ನಿಂತ ದಿನ ಸರಪಳಿಗೆ ರಜೆ ಕೊಡಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ನಾಯಿಯನ್ನು ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ವಿಪರೀತ ಹೊತ್ತು ಕಟ್ಟಿಹಾಕುವುದು ಅಪರಾಧ. ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ವ್ಯಾಯಾಮ ಕೊಡದಿರುವುದೂ ಅಪರಾಧ. ಗೇಟಿದೆ ಅಂತ ವಾಕಿಂಗ್ ಬಿಡಬೇಡಿ. ಬೆಳಗ್ಗೆ ಬಿಸಿಲೇರುವ ಮೊದಲು ಒಂದು ಸುತ್ತು, ಸಂಜೆ ಒಂದು ಸುತ್ತು. ನಿಮ್ಮ ಆರೋಗ್ಯಕ್ಕೂ ಒಳ್ಳೆಯದು.

ರೇಬಿಸ್ ಲಸಿಕೆ ಮೂರು ತಿಂಗಳ ಮರಿಗೆ ಮೊದಲ ಸಲ, ಆಮೇಲೆ ಪಶುವೈದ್ಯರು ಹೇಳಿದ ದಿನ ಬೂಸ್ಟರ್, ನಂತರ ವರ್ಷ ವರ್ಷ. ಸಲಾಕೆಗಳ ಸಂದಿಯಲ್ಲಿ ಬೀದಿನಾಯಿ ಮೂತಿ ತೂರಿಸಿ ಕಚ್ಚಬಹುದು, ಗೇಟು ರೋಗ ತಡೆಯುವುದಿಲ್ಲ. ತುರ್ತು ಬಂದರೆ ಪಶು ಸಂಜೀವಿನಿ ಪಶುವೈದ್ಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಆ ನಂಬರನ್ನು ಗೇಟಿನ ಒಳಬದಿಗೆ ಪೇಂಟಿನಲ್ಲೇ ಬರೆಸಿ.

ಗೇಟ್ ನೋಡಿ ಓಣಿಯವರು ಬಂದು ಕೇಳುತ್ತಾರೆ. ಡ್ರಾಯಿಂಗಿನ ಝೆರಾಕ್ಸ್ ಕೊಟ್ಟು ಕಳಿಸಿ. ಸಲಾಕೆಯ ಅಂತರದ ಜಾಗ ಮಾತ್ರ ಖಾಲಿ ಬಿಡಿ, ಅದನ್ನು ಅವರ ನಾಯಿಯ ತಲೆ ಅಳೆದು ಅವರೇ ತುಂಬಲಿ.